ಮಗ ಸದ್ದಿಗೆ ಬೆದರಿದ, ಅರ್ಧಕ್ಕೇ ವಾಪಸ್ ಬಂದೆವು: ಏರ್ ಶೋಗೆ ಮನೆಮಂದಿಯೆಲ್ಲ ಹೋಗುವುದು ಹೇಗೆ?

ನೀಲಿಬಾನು

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹೋದ ಭಾನುವಾರ ವಾಯುಪಡೆಯ ಏರ್ ಶೋಗೆ ಮನೆಮಂದಿಯೆಲ್ಲ ಹೋಗಿದ್ದೆವು. ನಾನು, ಹೆಂಡತಿ, 11 ವರ್ಷದ ಮಗಳು, 5 ವರ್ಷದ ಮಗ, ಜೊತೆಗೆ 74 ವರ್ಷದ ಅಪ್ಪ. ಮಗಳಿಗೆ ವಿಮಾನ ಅಂದರೆ ಪ್ರಾಣ. ಅಪ್ಪ ಹುಡುಗರಾಗಿದ್ದಾಗ ಒಮ್ಮೆ ಜೆಟ್‌ಗಳು ಬಾಣದ ಆಕಾರದಲ್ಲಿ ಹಾರಿದ್ದನ್ನು ನೋಡಿದ್ದರಂತೆ. ಅದನ್ನು ಇನ್ನೊಮ್ಮೆ ನೋಡಬೇಕು ಅನ್ನುವುದು ಅವರ ಎಷ್ಟೋ ವರ್ಷದ ಆಸೆ. ಕತ್ತಲಿರುವಾಗಲೇ ಎದ್ದು ಹೊರಟು, ಗೇಟು ತೆಗೆದ ತಕ್ಷಣ ಒಳಗೆ ಹೋಗಿ, ಬೇಲಿಯ ಪಕ್ಕದಲ್ಲೇ ಜಾಗ ಹಿಡಿದೆವು.

ಮೊದಲ ಒಂದು ಗಂಟೆ ತುಂಬ ಚೆನ್ನಾಗಿತ್ತು. ಹೆಲಿಕಾಪ್ಟರ್‌ಗಳು ಬಂದವು, ಪ್ಯಾರಾಚೂಟ್‌ನವರು ಇಳಿದರು. ಮಗ ಚಪ್ಪಾಳೆ ತಟ್ಟುತ್ತಿದ್ದ. ಆಮೇಲೆ ಒಂದು ಫೈಟರ್ ಜೆಟ್ ನಮ್ಮ ಮುಂದೆಯೇ, ಬಾಲದಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಹಾಕಿ ಟೇಕಾಫ್ ಆಯಿತು. ಎದೆಗೂಡು ನಡುಗಿತು. ಮಗ ಕಿರುಚಿಕೊಂಡು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದ. ಮತ್ತೆ ಹೊರಗೆ ತೆಗೆಯಲೇ ಇಲ್ಲ. ಪ್ರತಿ ಸಲ ವಿಮಾನ ಬಂದಾಗಲೂ ಮೈ ಬಿಗಿಹಿಡಿದು ನಡುಗುತ್ತಿದ್ದ. ಅರ್ಧಕ್ಕೇ ಎದ್ದೆವು.

ನಾವು ಕಾರಿನ ಹತ್ತಿರ ಬರುವಾಗ ಒಂಬತ್ತು ವಿಮಾನಗಳ ತಂಡ ಹಾರಲು ಶುರು ಮಾಡಿತ್ತು. ಮರಗಳ ಮೇಲೆ ಬಿಳಿ ಹೊಗೆಯ ಗೆರೆ ಮಾತ್ರ ಕಾಣುತ್ತಿತ್ತು. ಅಪ್ಪ ಕಿಟಕಿ ಇಳಿಸಿ ಅದನ್ನೇ ನೋಡುತ್ತಾ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಆ ಕಿಟಕಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಎರಡು ತಿಂಗಳ ನಂತರ ಇನ್ನೊಂದು ಶೋ ಇದೆ. ಅಪ್ಪ, ಮಗಳು, ಮಗ ಮೂವರೂ ಖುಷಿಯಾಗಿ ಬರುವ ಹಾಗೆ ಮಾಡಲು ಸಾಧ್ಯವಾ? ಅಥವಾ ಮಗನನ್ನು ಮನೆಯಲ್ಲೇ ಬಿಡಬೇಕಾ?

ಇಬ್ಬರು ಮಕ್ಕಳ ಅಮ್ಮ

ಮನೆಯಲ್ಲಿ ಬಿಡಬೇಡಿ. ಮೊದಲು ಒಂದು ಪ್ರಶ್ನೆ. ಮಗನ ಕಿವಿಗೆ ಏನು ಹಾಕಿದ್ದಿರಿ?

ನೀಲಿಬಾನು

ಹತ್ತಿ ಇಟ್ಟಿದ್ದೆವು.

ಇಬ್ಬರು ಮಕ್ಕಳ ಅಮ್ಮ

ಹತ್ತಿ ಸಾಲದು. ಅದು ಸದ್ದನ್ನು ತಡೆಯುವುದು ತೀರಾ ಕಡಿಮೆ. ಮಕ್ಕಳ ತಲೆಯ ಅಳತೆಗೇ ಮಾಡಿದ ಇಯರ್‌ಮಫ್ ಸಿಗುತ್ತದೆ. ಹೆಡ್‌ಫೋನ್ ತರ ಕಾಣುತ್ತದೆ, ಆದರೆ ಒಳಗೆ ಸ್ಪೀಕರ್ ಇರುವುದಿಲ್ಲ, ಸದ್ದು ತಡೆಯುವ ಫೋಮ್ ಇರುತ್ತದೆ. ಒಳ್ಳೆಯದಾದರೆ 20ರಿಂದ 30 ಡೆಸಿಬೆಲ್ ತನಕ ಕಮ್ಮಿ ಮಾಡುತ್ತದೆ. ಕಿವಿಯೊಳಗೆ ತುರುಕುವ ಪ್ಲಗ್ ದೊಡ್ಡವರಿಗೆ ಸರಿ. ಚಿಕ್ಕ ಮಕ್ಕಳಿಗೆ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಇನ್ನೊಂದು ಮುಖ್ಯ ವಿಷಯ. ಅದನ್ನು ಶೋ ದಿನ ಮೊದಲ ಬಾರಿಗೆ ಹಾಕಬೇಡಿ. ಎರಡು ವಾರ ಮೊದಲೇ ಮನೆಗೆ ತನ್ನಿ. ಮಿಕ್ಸಿ ತಿರುಗಿಸುವಾಗ, ಡ್ರಿಲ್ ಹಾಕುವಾಗ ಹಾಕಿಕೊಳ್ಳಲಿ. ಅದರ ಮೇಲೆ ಸ್ಟಿಕ್ಕರ್ ಅಂಟಿಸಲಿ. ಅದು ಅವನ ಸ್ವಂತ ವಸ್ತು ಆಗಬೇಕು. ನನ್ನ ದೊಡ್ಡವನೂ ಹೀಗೇ ಬೆದರುತ್ತಿದ್ದ. ಈಗ ವಿಮಾನ ನಿಲ್ದಾಣ ಅಂದ ಕೂಡಲೇ ಮೊದಲು ಮಫ್ ಹುಡುಕುತ್ತಾನೆ.

ಹ್ಯಾಂಗರ್ ದಿನಗಳು

ನಾನು ಬಹಳ ವರ್ಷ ಫೈಟರ್ ವಿಮಾನಗಳ ರಿಪೇರಿ ಕೆಲಸ ಮಾಡಿದವನು. ಈಗ ನಿವೃತ್ತ. ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಸದ್ದಿನ ಲೆಕ್ಕ ಸ್ವಲ್ಪ ಹೇಳುತ್ತೇನೆ.

ಕೆಲಸದ ಜಾಗದ ಸುರಕ್ಷತೆಗೆ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಒಂದು ಅಳತೆ ಇದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100 ಡೆಸಿಬೆಲ್‌ಗೆ ಬಂದರೆ ಬರೀ 15 ನಿಮಿಷ. ಇದು ದೊಡ್ಡವರ ಲೆಕ್ಕ. ಆಫ್ಟರ್‌ಬರ್ನರ್ ಹಾಕಿದ ಜೆಟ್ ಹತ್ತಿರದಲ್ಲಿ ಇದನ್ನೂ ಮೀರುತ್ತದೆ. ನಮಗೆ ಹ್ಯಾಂಗರಿನ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನ, ಹೊರಗೆ ಕಾಲಿಟ್ಟರೆ ಮಫ್ ಕಡ್ಡಾಯ ಆಗಿತ್ತು. ಮಕ್ಕಳಿಗೆ ಬೇಡವಾ? ಅಪ್ಪನಿಗೂ ಹಾಕಿ. ನೀವೂ ಹಾಕಿಕೊಳ್ಳಿ.

ಈಗ ಎರಡನೇ ವಿಷಯ. ನಿಮ್ಮ ಮಗ ಬೆದರಿದ್ದು ಬರೀ ಸದ್ದು ಜಾಸ್ತಿ ಇತ್ತು ಅಂತ ಇರಲಿಕ್ಕಿಲ್ಲ. ಸದ್ದು ಯಾವಾಗ ಬರುತ್ತದೆ ಅಂತ ಅವನಿಗೆ ತಿಳಿಯಲಿಲ್ಲ. ಅದೇ ದೊಡ್ಡ ಹೆದರಿಕೆ.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದ ಜೆಟ್ ಸೆಕೆಂಡಿಗೆ 250 ಮೀಟರ್ ಹೋಗುತ್ತದೆ. ವಿಮಾನ 1 ಕಿಲೋಮೀಟರ್ ದೂರದಲ್ಲಿದ್ದಾಗ ಹೊರಟ ಸದ್ದು ನಿಮ್ಮ ಕಿವಿಗೆ ಬರಲು ಹತ್ತಿರ ಹತ್ತಿರ 3 ಸೆಕೆಂಡು ಬೇಕು. ಅಷ್ಟರಲ್ಲಿ ಅದು 700 ಮೀಟರಿಗೂ ಹೆಚ್ಚು ದಾಟಿರುತ್ತದೆ. ಅದಕ್ಕೇ ಸದ್ದು ಬಂದ ಕಡೆ ತಿರುಗಿದರೆ ಅಲ್ಲಿ ಖಾಲಿ ಆಕಾಶ. ಮಗುವಿಗೆ ಏನೂ ಕಾಣುವುದಿಲ್ಲ, ಆದರೆ ಆಕಾಶ ಗುಡುಗುತ್ತದೆ. ಯಾರಿಗಾದರೂ ಹೆದರಿಕೆ ಆಗುತ್ತದೆ.

ಜೊತೆಗೆ, ಜೆಟ್ಟಿನ ಅಬ್ಬರ ಹೆಚ್ಚಾಗಿ ಹಿಂದಕ್ಕೆ ಹೋಗುತ್ತದೆ. ಬಿಸಿ ಗಾಳಿ ಅತಿ ವೇಗದಲ್ಲಿ ಹೊರಗೆ ನುಗ್ಗಿ, ನಿಂತ ಗಾಳಿಯ ಜೊತೆ ಕಲಸಿಕೊಳ್ಳುವಾಗ ಹುಟ್ಟುವ ಸದ್ದು ಅದು. ವಿಮಾನ ನಮ್ಮ ಕಡೆ ಬರುವಾಗ ಕಮ್ಮಿ, ದಾಟಿದ ಮೇಲೆ ಜಾಸ್ತಿ. ಇದನ್ನು ಮಗನಿಗೆ ಮೊದಲೇ ಆಟದ ತರ ಹೇಳಿಕೊಡಿ. ವಿಮಾನ ಕಣ್ಣಿಗೆ ಬಿದ್ದ ತಕ್ಷಣ ಒಂದು, ಎರಡು, ಮೂರು ಅಂತ ಎಣಿಸಲಿ. ಸದ್ದು ಬಂದಾಗ ನಿಲ್ಲಿಸಲಿ. ಮಿಂಚು ಗುಡುಗಿನ ಆಟ ಆಡುತ್ತೇವಲ್ಲ, ಹಾಗೇ. ನನ್ನ ಮೊಮ್ಮಗಳಿಗೆ ಇದನ್ನೇ ಕಲಿಸಿದ್ದು.

ಬೆಟ್ಟದ ಹಾದಿ

ಜಾಗದ ಬಗ್ಗೆ ನಾನು ಹೇಳುತ್ತೇನೆ. ಬೇಲಿಯ ಪಕ್ಕ ಬೇಡ. ಮಕ್ಕಳಿದ್ದರೆ ಹಿಂದೆ ಸರಿದು ಕೂರಿ.

ಬಿಸಿಲುಕುದುರೆ

ಒಪ್ಪುವುದಿಲ್ಲ. ಹಿಂದೆ ಕೂತರೆ ಮುಂದಿನವರ ತಲೆ, ಛತ್ರಿ, ಹೆಗಲ ಮೇಲಿನ ಮಕ್ಕಳೇ ಕಾಣುವುದು. ಟೇಕಾಫ್ ಲ್ಯಾಂಡಿಂಗ್ ಪೂರ್ತಿ ಹೋಗುತ್ತದೆ. ಅಷ್ಟು ದೂರ ಹೋಗಿ ಅದನ್ನೇ ನೋಡದಿದ್ದರೆ ಹೇಗೆ?

ಬೆಟ್ಟದ ಹಾದಿ

ಟೇಕಾಫ್ ಹೋಗುತ್ತದೆ, ಸರಿ. ಆದರೆ ಶೋ ನಡೆಯುವುದು ಮೇಲೆ ಅಲ್ವಾ? ತಲೆ ಎತ್ತಿ ನೋಡುವುದಕ್ಕೆ ಮುಂದಿನ ಸಾಲು ಯಾಕೆ ಬೇಕು? ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕರಷ್ಟಾದರೆ 12. ಮೇಲಿನ ಲೆಕ್ಕ ನೋಡಿದರೆ ಅದು ಸಣ್ಣ ವ್ಯತ್ಯಾಸ ಅಲ್ಲ. ಹಿಂದೆ ಕೂತರೆ ಶೌಚಾಲಯ ಹತ್ತಿರ, ನೆರಳು ಹತ್ತಿರ, ಮಗು ಓಡಾಡಲು ಜಾಗ. ಐದು ವರ್ಷದ ಮಗುವನ್ನು ಐದು ಗಂಟೆ ಒಂದೇ ಚೌಕದಲ್ಲಿ ಕೂರಿಸುವುದು ಯಾರಿಂದ ಆಗುತ್ತದೆ?

ಹ್ಯಾಂಗರ್ ದಿನಗಳು

ಇಬ್ಬರ ಮಾತಿನಲ್ಲೂ ಸತ್ಯ ಇದೆ. ನನ್ನ ಸಲಹೆ ಇದು. ಹಿಂದೆ ಠಿಕಾಣಿ ಹಾಕಿ. ಅಪ್ಪ ಮತ್ತು ಮಗಳು ಬೇಕಾದಾಗ ಮುಂದೆ ಹೋಗಿ ಬರಲಿ. ಒಂದೇ ಒಂದು ಜಾಗ ತಪ್ಪಿಸಿ. ವಿಮಾನಗಳು ಟೇಕಾಫ್‌ಗೆ ಓಟ ಶುರು ಮಾಡುವ ರನ್‌ವೇ ತುದಿ. ಅಲ್ಲಿ ಇಂಜಿನ್ನಿನ ಬಾಲ ನಿಮ್ಮ ಕಡೆಗೇ ಇರುತ್ತದೆ. ಪ್ರದರ್ಶನವನ್ನು ಕಟ್ಟುವುದು ಜನ ನಿಂತ ಸಾಲಿನ ನಡುಭಾಗವನ್ನು ಗುರಿಯಾಗಿ ಇಟ್ಟುಕೊಂಡು. ಎರಡು ವಿಮಾನ ಎದುರು ಬದುರು ಬಂದು ದಾಟುವುದು ಆ ನಡುಭಾಗದ ಮುಂದೆಯೇ. ಆದ್ದರಿಂದ ನಡುಭಾಗ, ಆದರೆ ಹಿಂದೆ.

ಇನ್ನೊಂದು, ನೀವು ಬೆಳಗ್ಗೆ ಬೇಗ ಹೋದದ್ದು ಒಳ್ಳೆಯದೇ. ಆದರೆ ಆ ಹೊತ್ತನ್ನು ಜಾಗ ಕಾಯುವುದರಲ್ಲಿ ಕಳೆಯಬೇಡಿ. ನೆಲದ ಮೇಲೆ ನಿಲ್ಲಿಸಿದ ವಿಮಾನಗಳ ಹತ್ತಿರ ಹೋಗಿ. ಜನ ಕಮ್ಮಿ ಇರುತ್ತಾರೆ, ಸಿಬ್ಬಂದಿ ಮಾತಾಡುತ್ತಾರೆ, ಸದ್ದೇ ಇರುವುದಿಲ್ಲ. ಮಗುವಿಗೆ ವಿಮಾನದ ಪರಿಚಯ ಆಗಬೇಕಾದ್ದು ಅಲ್ಲಿ. ಮುಟ್ಟಬಹುದಾ ಅಂತ ಕೇಳಿ, ಟೈರು ಮುಟ್ಟಿಸಿ. ಗಾಳಿ ಒಳಗೆ ಹೋಗುವ ಬಾಯಿ ತೋರಿಸಿ, ಬೆಂಕಿ ಹೊರಗೆ ಬರುವ ಬಾಲ ತೋರಿಸಿ. ವಿಮಾನದ ಅಲ್ಲಲ್ಲಿ ಕೆಂಪು ಪಟ್ಟಿ ನೇತಾಡುತ್ತಿರುತ್ತದೆ, ಅದನ್ನು ಎಣಿಸಲು ಹೇಳಿ. ನೆಲದ ಮೇಲಿರುವಾಗ ಮುಚ್ಚಳ, ಪಿನ್ನು ಹಾಕಿದ ಜಾಗಗಳಿಗೆ ಅದು ಗುರುತು. ಹಾರುವ ಮೊದಲು ಒಂದೊಂದನ್ನೂ ತೆಗೆಯಲೇಬೇಕು. ಮೂಗಿನ ಹತ್ತಿರ ಸಣ್ಣ ಕೊಳವೆ ಇರುತ್ತದೆ. ವೇಗ ತಿಳಿಯುವುದು ಅದರೊಳಗೆ ನುಗ್ಗುವ ಗಾಳಿಯಿಂದ. ಅದರ ಮುಚ್ಚಳ ಮರೆತರೆ ಪೈಲಟ್‌ಗೆ ವೇಗವೇ ಸರಿಯಾಗಿ ತೋರಿಸುವುದಿಲ್ಲ. ಎಷ್ಟು ಬೆಳಗಿನ ಜಾವ ನಾನು ಆ ಪಟ್ಟಿಗಳನ್ನು ಬಿಚ್ಚಿ, ಎಣಿಸಿ, ಮತ್ತೆ ಎಣಿಸಿದ್ದೇನೆ. ಈಗಲೂ ಕನಸಿನಲ್ಲಿ ಎಣಿಸುತ್ತೇನೆ.

ಮೌನರಾಗ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಬೇರೆ ಮಾತು ಹೇಳಬೇಕು ಅನಿಸಿತು. ಆ ಮಗು ಹೆದರಿದ್ದು ತಪ್ಪೇ ಅಲ್ಲ. ಆ ಯಂತ್ರ ಇರುವುದೇ ಅದಕ್ಕೆ. ಜಗತ್ತಿನ ಎಷ್ಟೋ ಊರುಗಳಲ್ಲಿ ಮಕ್ಕಳು ಅದೇ ಸದ್ದು ಕೇಳಿ ಮಂಚದ ಕೆಳಗೆ ಓಡುತ್ತಾರೆ. ನಾವು ಅದನ್ನು ರಜೆ ದಿನದ ಮನರಂಜನೆ ಮಾಡಿ, ಹೆದರಿದ ಮಗುವಿಗೆ ಹೆದರಬಾರದು ಅಂತ ಕಲಿಸುವುದು ಸರಿಯಾ? ನಾನು ನನ್ನ ಮಕ್ಕಳನ್ನು ಕರೆದುಕೊಂಡು ಹೋಗಿಲ್ಲ.

ಬಿಸಿಲುಕುದುರೆ

ಇಲ್ಲಿ ಆ ವಿಷಯ ಯಾಕೆ? ಅವರು ಕೇಳಿದ್ದು ಕಿವಿಯ ಬಗ್ಗೆ.

ಹ್ಯಾಂಗರ್ ದಿನಗಳು

ಇರಲಿ, ಕೇಳಬೇಕಾದ ಪ್ರಶ್ನೆಯೇ ಅದು. ರೆಕ್ಕೆಯ ಕೆಳಗೆ ಏನೇನು ತೂಗುಹಾಕುತ್ತಾರೆ ಅಂತ ನನಗೆ ಗೊತ್ತು. ನನ್ನ ಕೈಯಿಂದಲೇ ಹಾಕಿದ್ದೇನೆ. ಅದನ್ನು ಆಟಿಕೆ ಅಂತ ಯಾವ ಮಗುವಿಗೂ ನಾನು ಹೇಳಿಲ್ಲ. ನನ್ನ ಮಗಳು ಏಳು ವರ್ಷದವಳಿದ್ದಾಗ, ಇದು ಬಿದ್ದರೆ ಏನಾಗುತ್ತದೆ ಅಪ್ಪ ಅಂತ ಕೇಳಿದಳು. ಮನೆ ಒಡೆಯುತ್ತದೆ, ಜನ ಸಾಯುತ್ತಾರೆ ಅಂದೆ. ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀರಿ ಅಂದಳು. ಬೇರೆಯವರು ನಮ್ಮ ಮೇಲೆ ಹಾಕಲು ಹಿಂಜರಿಯಲಿ ಅಂತ ಅಂದೆ. ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಇವತ್ತಿಗೂ ಆಗಿಲ್ಲ. ಆದರೆ ಆ ಮಾತು ಶುರುವಾಗಿದ್ದು ಏರ್ ಶೋನಲ್ಲೇ, ಒಂದು ವಿಮಾನದ ರೆಕ್ಕೆಯ ನೆರಳಿನಲ್ಲಿ. ಕರೆದುಕೊಂಡು ಹೋಗದಿದ್ದರೆ ಆ ಪ್ರಶ್ನೆ ಅವಳಿಗೆ ಹುಟ್ಟುತ್ತಿತ್ತೋ ಇಲ್ಲವೋ.

ಹೋಗುವುದು ಬಿಡುವುದು ಮನೆಯವರ ಇಷ್ಟ. ಹೋದರೆ ಕೇಳಿದ್ದಕ್ಕೆ ನಿಜವನ್ನೇ ಹೇಳಿ. ನಾನು ಕೇಳಿಕೊಳ್ಳುವುದು ಅಷ್ಟೇ.

ಮೌನರಾಗ

ಇಷ್ಟು ನೇರವಾಗಿ ಉತ್ತರಿಸಿದ್ದಕ್ಕೆ ಧನ್ಯವಾದ. ನಾನು ಇನ್ನೂ ಹೋಗುವುದಿಲ್ಲ. ಆದರೆ ನಿಮ್ಮ ಮಗಳ ಪ್ರಶ್ನೆ ನೆನಪಿರುತ್ತದೆ.

ಅಜ್ಜಿಯ ಮೊಮ್ಮಗಳು

ನನಗೆ ಇರುವುದು ಬೇರೆ ಭಯ. ವಿಮಾನ ಜನರ ಮೇಲೆ ಬಿದ್ದರೆ? ಹಿಂದೆ ಹಾಗೆ ಆಗಿದೆಯಲ್ಲ.

ಬೆಟ್ಟದ ಹಾದಿ

ಆಗಿದೆ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆಯಲ್ಲಿ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿ ಹೊಡೆದವು. ಅದರಲ್ಲಿ ಒಂದು ಜನರ ನಡುವೆ ಬಿತ್ತು. ಮೂವರು ಪೈಲಟ್‌ಗಳೂ ಸೇರಿ 70 ಜನ ಸತ್ತರು. ಹೊಗೆಯಲ್ಲಿ ಬಿಡಿಸಿದ ಹೃದಯದ ಆಕಾರವನ್ನು ಸೀಳಿಕೊಂಡು ಒಂಟಿ ವಿಮಾನ ಜನರ ಕಡೆಗೇ ಬರುವ ಕಸರತ್ತು ಅದು. 2002ರ ಜುಲೈ 27ರಂದು ಉಕ್ರೇನಿನ ಲ್ವಿವ್ ಹತ್ತಿರ ಸುಖೋಯ್-27 ಜನರ ಮೇಲೆ ಬಿದ್ದು 77 ಜನ ಹೋದರು. ಅದರಲ್ಲಿ ಮಕ್ಕಳೂ ಇದ್ದರು.

ಇಂಥ ನೋವಿನಿಂದಲೇ ಈಗಿನ ನಿಯಮಗಳು ಬಿಗಿಯಾದದ್ದು. ಈಗ ಬಹುಪಾಲು ದೇಶಗಳಲ್ಲಿ ಪಲ್ಟಿ ಹೊಡೆಯುವ ವಿಮಾನ ಜನರ ಕಡೆಗೆ ಮುಖ ಮಾಡಿ ನುಗ್ಗುವಂತಿಲ್ಲ. ಜನರ ಸಾಲಿಗೆ ಸಮಾನಾಂತರವಾಗಿ, ದೂರದ ಒಂದು ಗೆರೆಯ ಆಚೆಯೇ ಹಾರಬೇಕು. ಅಮೆರಿಕದಲ್ಲಿ ಅತಿ ವೇಗದ ಜೆಟ್‌ಗಳಿಗೆ ಆ ಗೆರೆ 1,500 ಅಡಿ ದೂರದಲ್ಲಿದೆ. ಅಪಾಯ ಸೊನ್ನೆ ಅಂತ ನಾನು ಹೇಳುವುದಿಲ್ಲ, ಪೈಲಟ್‌ಗಳು ಈಗಲೂ ಪ್ರಾಣ ಕಳೆದುಕೊಳ್ಳುತ್ತಾರೆ. ಹಾಗಾಗಿ ಹಗ್ಗದ ಆಚೆ ಕಾಲಿಡಬೇಡಿ ಅಂತ ಸಿಬ್ಬಂದಿ ಕೂಗಿದಾಗ ದಯವಿಟ್ಟು ವಾದ ಮಾಡಬೇಡಿ.

ಅಜ್ಜಿಯ ಮೊಮ್ಮಗಳು

ಧನ್ಯವಾದ. ಹಾಗಾದರೆ ನನ್ನದೂ ಒಂದು ಸಲಹೆ, ಹಿರಿಯರ ಬಗ್ಗೆ. ಅಪ್ಪನಿಗೆ ಬೆನ್ನಿಗೆ ಆಸರೆ ಇರುವ ಮಡಚುವ ಕುರ್ಚಿ ಒಯ್ಯಿರಿ, ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಮೂರು ಗಂಟೆ ಕತ್ತೆತ್ತಿ ನೋಡುವುದು ಎಪ್ಪತ್ತು ದಾಟಿದವರಿಗೆ ಸುಲಭ ಅಲ್ಲ. ಒರಗಿ ಕೂತರೆ ಆಕಾಶ ತಾನಾಗಿ ಕಾಣುತ್ತದೆ. ಶ್ರವಣಯಂತ್ರ ಇದ್ದರೆ ಜೆಟ್ ಬರುವಾಗ ತೆಗೆದು ಮಫ್ ಹಾಕಲಿ. ಬಯಲಿನ ಬಿಸಿಲು ಹೇಳದೇ ಕೇಳದೇ ಹಿಡಿಯುತ್ತದೆ, ಎಲ್ಲರೂ ಮೇಲೆ ನೋಡುತ್ತಾ ನೀರು ಕುಡಿಯುವುದನ್ನೇ ಮರೆಯುತ್ತಾರೆ. ಮಕ್ಕಳ ಮುಂಗೈಯಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಜನಸಂದಣಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದೇ ಹೋಗಬಹುದು, ತಪ್ಪಿಸಿಕೊಂಡರೆ ಸೇರುವ ಜಾಗ ಒಂದನ್ನು ಬೆಳಗ್ಗೆಯೇ ಗೊತ್ತುಮಾಡಿ.

ಕ್ಯಾಮೆರಾ ಚೀಲ

ಮಗಳಿಗೆ ಫೋಟೋ ಹುಚ್ಚು ಇದ್ದರೆ ಒಂದು ಮಾತು. ಜೆಟ್‌ಗೆ ಶಟರ್ ವೇಗ ಸೆಕೆಂಡಿನ 1,000ನೇ ಒಂದು ಭಾಗ ಅಥವಾ ಅದಕ್ಕಿಂತಲೂ ವೇಗವಾಗಿ ಇಡಲಿ. ಹೆಲಿಕಾಪ್ಟರ್, ಪ್ರೊಪೆಲ್ಲರ್ ವಿಮಾನಕ್ಕೆ 200ನೇ ಒಂದು ಭಾಗದ ಹತ್ತಿರ ಇಳಿಸಲಿ. ಇಲ್ಲದಿದ್ದರೆ ತಿರುಗುವ ರೆಕ್ಕೆಗಳು ನಿಂತ ಹಾಗೆ ಕಾಣುತ್ತವೆ, ಆಕಾಶದಲ್ಲಿ ನೇತುಹಾಕಿದ ಆಟಿಕೆಯಂತೆ. ಬೆಳಗ್ಗೆ ಸೂರ್ಯ ಬೆನ್ನಿಗೆ ಇದೆಯಾ ಮುಖಕ್ಕೆ ಇದೆಯಾ ನೋಡಿ ಜಾಗ ಆರಿಸಿ. ಮೋಡ ಕೆಳಗಿದ್ದರೆ ನಿರಾಸೆ ಬೇಡ. ಎತ್ತರಕ್ಕೆ ಏರಿ ಸುತ್ತು ಹೊಡೆಯುವ ದೊಡ್ಡ ಲೂಪ್‌ಗಳನ್ನು ಬಿಟ್ಟು, ತಗ್ಗಿನಲ್ಲಿ ಅಗಲವಾಗಿ ತಿರುಗುವ ಬೇರೆ ಪ್ರದರ್ಶನವನ್ನು ತಂಡಗಳು ಸಿದ್ಧ ಇಟ್ಟುಕೊಂಡಿರುತ್ತವೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಜೆಟ್ ಬಿಗಿಯಾಗಿ ತಿರುಗಿದರೆ ರೆಕ್ಕೆಯ ಮೇಲೆ ಬಿಳಿ ಮಂಜು ಹುಟ್ಟುತ್ತದೆ. ಒತ್ತಡ ಇಳಿದು ನೀರಾವಿ ಹನಿಗಟ್ಟುವುದು ಅದು. ನನ್ನ ಅತ್ಯುತ್ತಮ ಫೋಟೋಗಳೆಲ್ಲ ಮೋಡದ ದಿನದವೇ.

ನೀಲಿಬಾನು

ಎರಡು ತಿಂಗಳಾಯಿತು. ನಿನ್ನೆ ಹೋಗಿ ಬಂದೆವು. ಎಲ್ಲರಿಗೂ ಹೇಳಲೇಬೇಕು ಅಂತ ಬೆಳಗ್ಗೆ ಎದ್ದ ಕೂಡಲೇ ಬರೆಯುತ್ತಿದ್ದೇನೆ.

ಮಫ್ ಮೂರು ವಾರ ಮೊದಲೇ ತಂದೆವು. ಮಗ ಅದಕ್ಕೆ ಹುಲಿಯ ಸ್ಟಿಕ್ಕರ್ ಅಂಟಿಸಿದ. ರಾತ್ರಿ ಮಲಗುವಾಗ ವಿಮಾನದ ವಿಡಿಯೋಗಳನ್ನು ಸದ್ದಿಲ್ಲದೆ ತೋರಿಸಿದೆ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಸದ್ದು ಏರಿಸಿದೆ.

ಬೆಳಗ್ಗೆ ನೇರ ನಿಲ್ಲಿಸಿದ ವಿಮಾನಗಳ ಹತ್ತಿರ ಹೋದೆವು. ಮಗ ಒಂದು ಜೆಟ್ಟಿನ ಸುತ್ತ ಮೂರು ಸುತ್ತು ಹಾಕಿ 14 ಕೆಂಪು ಪಟ್ಟಿ ಎಣಿಸಿದ. ಅಲ್ಲಿದ್ದ ಹುಡುಗಿಯೊಬ್ಬಳು, ವಾಯುಪಡೆಯ ತಂತ್ರಜ್ಞೆ, ಮೊಣಕಾಲೂರಿ ಕೂತು ಅವನ ಜೊತೆ ಮತ್ತೆ ಎಣಿಸಿದಳು. 15 ಇತ್ತು. ಒಂದು ಚಕ್ರದ ಗೂಡಿನೊಳಗೆ ಅಡಗಿತ್ತು. ಅದನ್ನು ಅವಳು ತೋರಿಸಿದಾಗ ಅವನ ಮುಖ ನೋಡಬೇಕಿತ್ತು. ಮಗಳು ಪೈಲಟ್ ಕುರ್ಚಿಯ ಬಗ್ಗೆ ಕೇಳಿದಳು. ವಿಮಾನ ನೆಲದ ಮೇಲೆ ನಿಂತಿದ್ದಾಗಲೂ ಆ ಕುರ್ಚಿ ರಾಕೆಟ್ ಬಲದಿಂದ ಪೈಲಟ್‌ನನ್ನು ಮೇಲಕ್ಕೆ ಎಸೆದು, ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರ ಕೊಡುತ್ತದಂತೆ. ಆಮೇಲೆ ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದ ಬಾಂಬುಗಳ ಮುಂದೆ ಬಹಳ ಹೊತ್ತು ನಿಂತಳು. ಇವು ನಿಜವಾದವಾ ಅಂದಳು. ಇವು ಮಾದರಿ, ನಿಜವಾದವೂ ಹೀಗೇ ಇರುತ್ತವೆ ಅಂದೆ. ಮತ್ತೆ ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಟ್ಟೆ. ವಾಪಸ್ ಬರುವಾಗ ಕಾರಿನಲ್ಲೂ ಆ ಮಾತು ಮುಂದುವರಿಯಿತು.

ಕೂತಿದ್ದು ನಡುಭಾಗದಲ್ಲಿ, ತುಂಬ ಹಿಂದೆ, ಒಂದು ಮರದ ಹತ್ತಿರ. ಮೊದಲ ಜೆಟ್ ಬಂದಾಗ ಮಗ ನನ್ನ ಕೈ ಬಿಗಿಯಾಗಿ ಹಿಡಿದ. ಇಬ್ಬರೂ ಎಣಿಸಿದೆವು. ಎರಡಕ್ಕೆ ಸದ್ದು ಬಂತು. ಅವನು ನಡುಗಿದ, ಆದರೆ ಮುಖ ಮುಚ್ಚಲಿಲ್ಲ. ಎರಡನೇ ಸಲ ತಾನೇ ಜೋರಾಗಿ ಎಣಿಸಿದ. ನಾಲ್ಕನೇ ಸಲ ಪಕ್ಕದಲ್ಲಿ ಕೂತ ಮಕ್ಕಳಿಗೆಲ್ಲ, ಈಗ ಬರುತ್ತೆ, ಈಗ ಬರುತ್ತೆ, ಕಿವಿ ಮುಚ್ಕೊಳ್ಳಿ ಅಂತ ಕೂಗಿ ಹೇಳುತ್ತಿದ್ದ. ಆಫ್ಟರ್‌ಬರ್ನರ್ ಟೇಕಾಫ್ ಮಾತ್ರ ಬೇಡ ಅಂದ. ಆ ಹೊತ್ತಿಗೆ ಹೆಂಡತಿ ಅವನನ್ನು ಇನ್ನೂ ಹಿಂದಕ್ಕೆ ಕರೆದುಕೊಂಡು ಹೋದಳು. ಹತ್ತು ನಿಮಿಷ ಬಿಟ್ಟು ಬಂದರು.

ಕೊನೆಗೆ ಒಂಬತ್ತು ವಿಮಾನಗಳು ವಜ್ರದ ಆಕಾರದಲ್ಲಿ ಬಂದವು. ಅಪ್ಪ ಕುರ್ಚಿಯಲ್ಲಿ ಒರಗಿದ್ದವರು ಎದ್ದು ನಿಂತರು. ಟೋಪಿ ತೆಗೆದರು. ಹೊಗೆ ಬಿಟ್ಟಾಗ ಬಾಯಲ್ಲಿ ಏನೋ ಅಂದರು, ಮಫ್ ಹಾಕಿದ್ದರಿಂದ ನಮಗೆ ಕೇಳಲಿಲ್ಲ. ಕೇಳಿದರೆ ಈಗಲೂ ಹೇಳುತ್ತಿಲ್ಲ, ನಗುತ್ತಾರೆ.

ಅವರದೊಂದು ಪ್ರಶ್ನೆ ಇದೆ. ಹ್ಯಾಂಗರ್ ದಿನಗಳು ಅವರಿಗೆ ಕೇಳು ಅಂದಿದ್ದಾರೆ. ಅಷ್ಟು ಹತ್ತಿರ ಹತ್ತಿರ ಹಾರುವಾಗ ನಡುವಿನ ಪೈಲಟ್ ಎಲ್ಲಿ ನೋಡುತ್ತಾನೆ? ಆ ಹೊಗೆ ಎಲ್ಲಿಂದ ಬರುತ್ತದೆ?

ಹ್ಯಾಂಗರ್ ದಿನಗಳು

ಓದಿ ಕಣ್ಣು ತುಂಬಿ ಬಂತು. ಆ ಹುಡುಗಿ ಹದಿನೈದನೆಯದನ್ನು ತೋರಿಸಿದ್ದಕ್ಕೆ ನನ್ನ ನಮಸ್ಕಾರ.

ಅಪ್ಪನಿಗೆ ಹೇಳಿ. ಮುಂದಿನ ವಿಮಾನದ ಪೈಲಟ್ ಒಬ್ಬನೇ ದಾರಿ ನೋಡುತ್ತಾನೆ. ಉಳಿದವರು ನೆಲವನ್ನೂ ನೋಡುವುದಿಲ್ಲ, ಆಕಾಶವನ್ನೂ ನೋಡುವುದಿಲ್ಲ. ಪಕ್ಕದ ಅಥವಾ ಮುಂದಿನ ವಿಮಾನದ ಮೇಲೆ ಒಂದೆರಡು ಗುರುತು ಇಟ್ಟುಕೊಂಡು, ಅವು ಒಂದೇ ಸಾಲಿಗೆ ಬರುವ ಹಾಗೆ ತಮ್ಮ ಜಾಗ ಹಿಡಿದಿರುತ್ತಾರೆ. ತಲೆಕೆಳಗಾದರೂ ಅದೇ ಗುರುತು. ಯಾವಾಗ ತಿರುಗಬೇಕು, ಯಾವಾಗ ಎಳೆಯಬೇಕು ಅಂತ ನಾಯಕ ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತಾನೆ. ಅವನ ದನಿಯ ಲಯಕ್ಕೆ ಎಲ್ಲರ ಕೈ ಒಟ್ಟಿಗೆ ಆಡುತ್ತದೆ.

ಹೊಗೆ ಅಂದರೆ ಡೀಸೆಲ್ ತರದ ಎಣ್ಣೆ. ಇಂಜಿನ್ನಿನ ಬಿಸಿ ಬಾಲಕ್ಕೆ ಅದನ್ನು ಚಿಮ್ಮಿಸುತ್ತಾರೆ. ಆವಿಯಾಗಿ ಹೊರಗೆ ಬಂದು, ತಣ್ಣನೆ ಗಾಳಿಗೆ ಸಣ್ಣ ಹನಿಯಾಗಿ ಬೆಳ್ಳಗೆ ಕಾಣುತ್ತದೆ. ಬಣ್ಣ ಬೇಕಾದರೆ ಎಣ್ಣೆಗೆ ಬಣ್ಣ ಬೆರೆಸುತ್ತಾರೆ. ಆ ಟ್ಯಾಂಕ್ ತುಂಬುವ ಕೆಲಸ ನೆಲದವರದು. ಬಟ್ಟೆಗೆ ಹಿಡಿದ ಬಣ್ಣ ಹೋಗಲು ಒಂದು ವಾರ ಬೇಕು ಅಂತ ಮಗನಿಗೆ ಹೇಳಿ.

ಇಬ್ಬರು ಮಕ್ಕಳ ಅಮ್ಮ

ಹುಲಿಯ ಸ್ಟಿಕ್ಕರ್ ಹಾಕಿದ ಮಫ್‌ನ ಫೋಟೋ ಹಾಕಿ. ನನ್ನ ದೊಡ್ಡವನಿಗೆ ತೋರಿಸಬೇಕು.